ಭಾನುವಾರ ಪುಲ್‌ಪಿಟ್‌ಗೆ ಯಾರನ್ನು ಕರೆಯಬೇಕು, ಹೇಗೆ ಕರೆಯಬೇಕು

ಮಾರ್ಮನ್ ಕ್ರೈಸ್ತ ಸಭೆಯಲ್ಲಿ ಊರಿನ ಮಟ್ಟದ ಘಟಕಕ್ಕೆ ವಾರ್ಡ್ ಎನ್ನುತ್ತಾರೆ. ವಾರ್ಡಿಗೆ ಸಂಬಳದ ಪಾದ್ರಿ ಇರುವುದಿಲ್ಲ. ವಾರ್ಡಿನ ಮುಖ್ಯಸ್ಥರಾದ ಬಿಷಪ್ ಕೂಡ ವಾರವೆಲ್ಲ ತಮ್ಮ ಉದ್ಯೋಗ ನೋಡಿಕೊಳ್ಳುವವರೇ. ಹಾಗಾಗಿ ಭಾನುವಾರದ ಮುಖ್ಯ ಆರಾಧನೆಯಾದ ಸಾಕ್ರಮೆಂಟ್ ಮೀಟಿಂಗ್‌ನಲ್ಲಿ ಪ್ರವಚನ ಮಾಡುವವರು ಸದಸ್ಯರೇ: ಹದಿಮೂರರ ಹುಡುಗಿ, ಪ್ಲಂಬರ್, ನಿವೃತ್ತ ಟೀಚರ್. ಅಮೆರಿಕದ ಯೂಟಾದ ಒಂದು ವಾರ್ಡಿನಲ್ಲಿ ಬಿಷಪ್‌ರ ಕೌನ್ಸೆಲರ್, ಅಂದರೆ ಸಹಾಯಕನಾಗಿ ಇವರನ್ನು ಕರೆಯುವ ಕೆಲಸ ನನ್ನದು. ಭಾಷಣ ಸಪ್ಪೆಯಾದರೆ ಬಹುಪಾಲು ಕೊರತೆ ಕರೆದ ರೀತಿಯಲ್ಲಿರುತ್ತದೆ, ಮಾತಾಡಿದವರಲ್ಲಿ ಅಲ್ಲ.

ಮೊದಲು ಕ್ಯಾಲೆಂಡರ್. ವರ್ಷದ 52 ಭಾನುವಾರವೂ ಮಾತುಗಾರರು ಬೇಕಾಗುವುದಿಲ್ಲ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಇಡೀ ಸಭೆಯ ಸಮ್ಮೇಳನವಾದ ಜನರಲ್ ಕಾನ್ಫರೆನ್ಸ್, ಅಲ್ಲಿಗೆ ಎರಡು ಹೋಯಿತು. ಹಲವು ವಾರ್ಡುಗಳು ಸೇರಿದ ಘಟಕ ಸ್ಟೇಕ್, ಅದರ ಕಾನ್ಫರೆನ್ಸ್‌ಗೆ ಇನ್ನೆರಡು. ತಿಂಗಳಿಗೊಂದು ಉಪವಾಸದ ಭಾನುವಾರ. ಅವತ್ತು ಯಾರಿಗೂ ವಿಷಯ ಕೊಟ್ಟಿರುವುದಿಲ್ಲ, ಮನಸ್ಸಿಗೆ ಬಂದವರು ಎದ್ದು ತಮ್ಮ ನಂಬಿಕೆಯ ಸಾಕ್ಷಿ ಹೇಳುತ್ತಾರೆ. ಪ್ರೈಮರಿ ಎಂಬ ಮಕ್ಕಳ ವಿಭಾಗದ ಕಾರ್ಯಕ್ರಮ, ವಾರ್ಡ್ ಕಾನ್ಫರೆನ್ಸ್, ಈಸ್ಟರ್, ಕ್ರಿಸ್‌ಮಸ್ ಕಳೆದರೆ ಸುಮಾರು 32 ಭಾನುವಾರ ಉಳಿಯುತ್ತವೆ. ವಾರಕ್ಕೆ ಮೂವರಂತೆ ಹೆಚ್ಚುಕಡಿಮೆ 96 ಭಾಷಣ. ಈ ಲೆಕ್ಕ ಕಣ್ಣೆದುರಿದ್ದರೆ ಚೆನ್ನಾಗಿ ಮಾತಾಡುವ ನಾಲ್ಕೇ ಮನೆಯವರನ್ನು ತಿರುತಿರುಗಿ ಕರೆಯುವುದು ತಪ್ಪುತ್ತದೆ. ವಾರ್ಡಿನ ಸದಸ್ಯರ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಕೊನೆಯ ಸಲ ಮಾತಾಡಿದ ತಿಂಗಳನ್ನು ಬರೆದಿಡುತ್ತೇನೆ. ಖಾಲಿ ಉಳಿದ ಹೆಸರುಗಳೇ ನನಗೆ ಮುಖ್ಯ.

ಕರೆಯುವುದು ಮೂರು ವಾರ ಮೊದಲು, ಎದುರಿಗೆ ಅಥವಾ ಫೋನಿನಲ್ಲಿ. ಮೆಸೇಜ್ ಕಳಿಸಿದರೆ 'ಆಗಲಿ' ಎಂದು ಉತ್ತರ ಬರುತ್ತದೆ. ಅವರ ಹಿಂಜರಿಕೆ, ಮನೆಯ ಕಷ್ಟ ನಮಗೆ ಗೊತ್ತಾಗುವುದೇ ಇಲ್ಲ. ನಾನು ಹೇಳುವುದು ಇಷ್ಟು (ಸದಸ್ಯೆಯರನ್ನು ನಾವು ಸಿಸ್ಟರ್ ಎನ್ನುತ್ತೇವೆ): 'ಸಿಸ್ಟರ್, 22ನೇ ತಾರೀಕು ಮಾತಾಡಲು ಆಗುತ್ತದೆಯೇ? ನೀವು ಎರಡನೆಯವರು, ಹತ್ತು ನಿಮಿಷ. ವಿಷಯವನ್ನು ಬರೆದು ಕಳಿಸುತ್ತೇನೆ. ಆಗದಿದ್ದರೆ ಖಂಡಿತ ಬೇಜಾರಿಲ್ಲ.' ಆಗುವುದಿಲ್ಲ ಎಂದವರನ್ನು ಒತ್ತಾಯಿಸಬಾರದು. ವೇದಿಕೆಯ ಭಯ ಕೆಲವರಿಗೆ ನಿದ್ದೆಗೆಡಿಸುವಷ್ಟಿರುತ್ತದೆ. ಅಂಥವರನ್ನು ಮೊದಲು ಆರಂಭದ ಪ್ರಾರ್ಥನೆಗೆ ಕೇಳುತ್ತೇನೆ. ಮೈಕ್ ಮುಂದೆ ಒಂದು ನಿಮಿಷ ನಿಂತ ಅಭ್ಯಾಸವಾದರೆ ಮುಂದಿನದು ಸುಲಭ. ಸಣ್ಣ ಮಕ್ಕಳಿರುವ ಗಂಡ ಹೆಂಡತಿಯನ್ನು ಒಂದೇ ದಿನ ಹಾಕುವುದಿಲ್ಲ. ಇಬ್ಬರೂ ಮೇಲೆ ಕೂತರೆ ಬೆಂಚಿನಲ್ಲಿ ಮಕ್ಕಳನ್ನು ಹಿಡಿಯುವವರು ಯಾರು?

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ಕೊಡುವುದು ವಿಷಯಕ್ಕೆ. 'ನಂಬಿಕೆಯ ಬಗ್ಗೆ ಮಾತಾಡಿ' ಎಂದರೆ ಏನು ಬರುತ್ತದೆಂದು ಮೊದಲೇ ಹೇಳಬಹುದು: ನಿಘಂಟಿನ ಅರ್ಥ, ಆರು ಉಲ್ಲೇಖ, ಎಲ್ಲರಿಗೂ ಗೊತ್ತಿರುವ ಒಂದು ಕಥೆ. ಅದರ ಬದಲು ಮಾರ್ಮನ್ ಗ್ರಂಥದ ಆಲ್ಮಾ 32ನೇ ಅಧ್ಯಾಯ ಕೊಡುತ್ತೇನೆ. ಬೀಜದ ಹೋಲಿಕೆಯಿಂದಾಗಿ ಆ ಅಧ್ಯಾಯ ಎಲ್ಲರಿಗೂ ಪರಿಚಿತ. ಆದರೆ ಅದನ್ನು ಕೇಳುತ್ತಿರುವವರು ಯಾರು ಎಂದು ನೋಡಿ: ತಮ್ಮ ಕೈಯಾರೆ ದುಡಿದು ಕಟ್ಟಿದ ಪ್ರಾರ್ಥನಾ ಮಂದಿರದಿಂದಲೇ ಹೊರದಬ್ಬಿಸಿಕೊಂಡ ಬಡವರು. ಆರಾಧಿಸಲು ನಮಗೆ ಜಾಗವೇ ಇಲ್ಲ, ಏನು ಮಾಡೋಣ ಎಂದು ಅವರು ಪ್ರವಾದಿ ಆಲ್ಮಾನನ್ನು ಕೇಳುತ್ತಾರೆ. ಹಾಗಾಗಿ ನನ್ನ ಚೀಟಿಯಲ್ಲಿ ಹೀಗಿರುತ್ತದೆ: 'ಆಲ್ಮಾ 32, ವಚನ 1ರಿಂದ 16. ನಮ್ಮ ವಾರ್ಡಿನಲ್ಲಿ ತಮಗೆ ಜಾಗವಿಲ್ಲ ಎಂದುಕೊಂಡವರಿಗೆ ಇಲ್ಲಿ ಏನಿದೆ?' ಒಂದು ಭಾಗ, ಒಂದು ಪ್ರಶ್ನೆ, ಅಷ್ಟೇ. ಇದಕ್ಕೆ ನಿಘಂಟು ಉತ್ತರ ಕೊಡಲಾರದು, ಅವರೇ ಯೋಚಿಸಬೇಕಾಗುತ್ತದೆ. ಜನರಲ್ ಕಾನ್ಫರೆನ್ಸಿನ ಇಡೀ ಭಾಷಣವೊಂದನ್ನು ವಿಷಯವಾಗಿ ಕೊಡುವ ರೂಢಿ ಈಗ ಬಹಳ ಕಡೆ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ಅಂಜುವವರು ಆ ಭಾಷಣದ ಮುಕ್ಕಾಲು ಪಾಲನ್ನು ಹಾಗೇ ಓದಿಬಿಡುತ್ತಾರೆ.

ಬರೆದುಕೊಳ್ಳುವವರಿಗೆ ಅಳತೆ ಹೇಳಬೇಕು. ಇಂಗ್ಲಿಷಿನಲ್ಲಿ ಸಮಾಧಾನವಾಗಿ ಓದಿದರೆ ನಿಮಿಷಕ್ಕೆ ಸುಮಾರು 120 ಪದ. ಹತ್ತು ನಿಮಿಷಕ್ಕೆ 1,100 ಪದ ಬರೆದರೆ ಉಸಿರಾಡಲು ಸ್ವಲ್ಪ ಸಮಯ ಉಳಿಯುತ್ತದೆ. ಕನ್ನಡದ ಪದಗಳು ಉದ್ದ, ಹಾಗಾಗಿ ಅದೇ ಹತ್ತು ನಿಮಿಷಕ್ಕೆ 800 ಸಾಕು. ಬೆಂಗಳೂರಿನಿಂದ ಮಕ್ಕಳ ಮನೆಗೆ ಬಂದ ಹಿರಿಯರು ಕನ್ನಡದಲ್ಲಿ ಮಾತಾಡಿ, ಪಕ್ಕದಲ್ಲಿ ನಿಂತವರು ವಾಕ್ಯವಾಕ್ಯವಾಗಿ ಇಂಗ್ಲಿಷಿಗೆ ಹೇಳುವುದಾದರೆ ಅದರಲ್ಲೂ ಅರ್ಧ, 400. ಇದನ್ನು ಮೊದಲೇ ತಿಳಿಸದಿದ್ದರೆ ಮುಖ್ಯವಾದ ಮಾತು ಬರುವ ಮೊದಲೇ ಅವರ ಸಮಯ ಮುಗಿದಿರುತ್ತದೆ. 'ಕೌನ್ಸೆಲರ್ ಫೋನ್ ಮಾಡಿದಾಗ ನಾನು...' ಎಂದು ಶುರು ಮಾಡಬೇಡಿ ಎಂದೂ ಹೇಳುತ್ತೇನೆ. ಆ ಪೀಠಿಕೆ ಎರಡು ನಿಮಿಷ ನುಂಗುತ್ತದೆ.

ಮೀಟಿಂಗ್ 2019ರ ಜನವರಿಯಿಂದ ಒಂದೇ ಗಂಟೆ. ಹಾಡು, ಪ್ರಾರ್ಥನೆ, ಪ್ರಕಟಣೆ, ಹೊಸ ಜವಾಬ್ದಾರಿಗಳಿಗೆ ಬಲಗೈ ಎತ್ತಿ ಬೆಂಬಲ ಸೂಚಿಸುವುದು, ಆಮೇಲೆ ರೊಟ್ಟಿ ಮತ್ತು ನೀರಿನ ಸಾಕ್ರಮೆಂಟ್. ದೊಡ್ಡ ವಾರ್ಡಿನಲ್ಲಿ ಇಷ್ಟಕ್ಕೇ 25 ನಿಮಿಷ ಬೇಕು. ಉಳಿದ 35ರಲ್ಲಿ ಹದಿಹರೆಯದವರಿಗೆ 4, ಎರಡನೆಯವರಿಗೆ 10, ನಡುವಿನ ಹಾಡಿಗೆ 3, ಕೊನೆಯವರಿಗೆ 12, ಮುಕ್ತಾಯದ ಹಾಡು ಮತ್ತು ಪ್ರಾರ್ಥನೆಗೆ 5. ಒಂದು ನಿಮಿಷ ಕೈಯಲ್ಲಿರಲಿ. ಕೊನೆಯ ಜಾಗಕ್ಕೆ ಅತ್ಯುತ್ತಮ ವಾಗ್ಮಿಯನ್ನೇ ಹುಡುಕಬೇಕಿಲ್ಲ. ಹನ್ನೆರಡನ್ನು ಏಳಕ್ಕೆ ಇಳಿಸಬಲ್ಲವರು ಬೇಕು. ಅವರಿಗೆ ಮಾತ್ರ ಒಂದು ಹೆಚ್ಚಿನ ಸೂಚನೆ: ಹಾಳೆಯಲ್ಲಿ ಬಿಡಬಹುದಾದ ಭಾಗಕ್ಕೆ ಮೊದಲೇ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಬನ್ನಿ. ಸ್ಟೇಕ್‌ನ ಸಲಹಾ ಮಂಡಳಿಯಾದ ಹೈ ಕೌನ್ಸಿಲ್‌ನ ಸದಸ್ಯರು ಮಾತಾಡಲು ಬರುವ ದಿನವೂ ನಿಮಿಷಗಳನ್ನು ಅವರಿಗೆ ಮುಂಚೆಯೇ ಫೋನಿನಲ್ಲಿ ತಿಳಿಸಬೇಕು. ಅತಿಥಿ ಎಂದು ಸಂಕೋಚಪಟ್ಟರೆ ಹತ್ತು ನಿಮಿಷದ ಮಾತಿಗೆ ತಯಾರಾಗಿ ಬಂದ ಸಿಸ್ಟರ್‌ಗೆ ಅನ್ಯಾಯವಾಗುತ್ತದೆ.

ಪುಲ್‌ಪಿಟ್, ಅಂದರೆ ನಿಂತು ಮಾತಾಡುವ ಪೀಠ, ಬಟನ್ ಒತ್ತಿದರೆ ಏರಿಳಿಯುತ್ತದೆ. ಮಕ್ಕಳಿಗೆ ಅದನ್ನು ಮೀಟಿಂಗ್‌ಗೆ ಮೊದಲೇ ತೋರಿಸಿ, ಮೈಕ್ ಗಲ್ಲದ ಮಟ್ಟಕ್ಕೆ ಬರುವಂತೆ ನಿಲ್ಲಿಸಿ ನೋಡುತ್ತೇನೆ. ಸಮಯ ಮೀರುವಂತಿದ್ದರೆ ನಾನು ಮೊದಲು ಕೈಬಿಡುವುದು ನಡುವಿನ ಹಾಡನ್ನು. ಪಿಯಾನೋದವರಿಗೆ ಸನ್ನೆ ಮಾಡಿದರೆ ಆಯಿತು. ಗಂಟೆ ಮೀರಿ ಎಳೆಯುವಂತಿಲ್ಲ. ಪ್ರೈಮರಿ ಟೀಚರ್‌ಗಳ ತರಗತಿ ಕಾಯುತ್ತಿರುತ್ತದೆ, ಒಂದೇ ಕಟ್ಟಡವನ್ನು ಹಂಚಿಕೊಂಡ ಮುಂದಿನ ವಾರ್ಡಿನವರು ಅಷ್ಟರಲ್ಲಿ ಪಾರ್ಕಿಂಗ್‌ಗೆ ಬರತೊಡಗಿರುತ್ತಾರೆ.