ಮಳೆ ಹಿಡಿಯುವ ಮುಂಚೆ ಮುಗಿಸಬೇಕಾದ ಲ್ಯಾಪ್‌ಟಾಪ್ ಕೆಲಸ

ಜೂನ್ ಬಂತೆಂದರೆ ಲೈನಿನ ಮೇಲೆ ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಮಡಿಕೇರಿ ಪೇಟೆಯಲ್ಲಾದರೆ ಕೆಲವು ಗಂಟೆ, ನಾಪೋಕ್ಲು, ಭಾಗಮಂಡಲದ ಕಡೆಯ ಒಳತೋಟಗಳಲ್ಲಾದರೆ ಕೆಲವು ದಿನ. ತೋಟದ ಲೆಕ್ಕ, ಜಿಎಸ್‌ಟಿ ರಿಟರ್ನ್, ಹೋಂಸ್ಟೇ ಬುಕಿಂಗ್ ನಿಲ್ಲುವ ಹಾಗಿಲ್ಲ. ಅದಕ್ಕೇ ಹೊರಗಿನಿಂದಲೇ ಬ್ಯಾಟರಿ ಬದಲಿಸಬಹುದಾದ, ಕವರ್ ಬಿಚ್ಚಿದರೆ ಒಳಗಿನ ಪಾರ್ಟ್ ಕೈಗೆ ಸಿಗುವ ಬಿಸಿನೆಸ್ ಲ್ಯಾಪ್‌ಟಾಪನ್ನೇ ಹುಡುಕಿ, ಲೆನೊವೊ ಕಂಪನಿಯ ರೀಫರ್ಬಿಶ್ಡ್ (ಬಳಸಿದ್ದನ್ನು ಸರಿಪಡಿಸಿ ಮತ್ತೆ ಮಾರುವ) ಥಿಂಕ್‌ಪ್ಯಾಡ್ ಟಿ480 ತೆಗೆದುಕೊಂಡೆ.

ಇದು 2018ರ ಮಾಡೆಲ್. ಒಳಗೆ 24 ವಾಟ್-ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಬ್ಯಾಟರಿ, ಹಿಂಬದಿಯಲ್ಲಿ ಕಳಚುವ ಇನ್ನೊಂದು. ಕಳಚುವುದು 24, 48, 72 ವಾಟ್-ಅವರ್ ಹೀಗೆ ಮೂರು ಅಳತೆಯಲ್ಲಿ ಬರುತ್ತದೆ. ಹೊರಗಿನದು ಮುಗಿದಾಗ ಲ್ಯಾಪ್‌ಟಾಪ್ ಆಫ್ ಮಾಡದೆಯೇ ಕಳಚಿ ಇನ್ನೊಂದನ್ನು ಹಾಕಬಹುದು, ಅಷ್ಟು ಹೊತ್ತು ಒಳಗಿನದು ನಡೆಸುತ್ತದೆ. ಬ್ರೈಟ್‌ನೆಸ್ ಇಳಿಸಿ ಲೆಕ್ಕದ ಕೆಲಸ ಮಾತ್ರ ಮಾಡಿದರೆ ನನ್ನದು ಸುಮಾರು 8 ವಾಟ್ ಎಳೆಯುತ್ತದೆ. 72 ಮತ್ತು 24 ಸೇರಿದ 96ರಲ್ಲಿ ಹಳತಾಗಿ ಶೇ. 80 ಉಳಿದಿದ್ದರೂ ಒಂಬತ್ತು ಗಂಟೆ ಓಡಬೇಕು. ಟಿ480ಎಸ್ ಎಂಬ ತೆಳ್ಳಗಿನ ಮಾಡೆಲ್‌ನಲ್ಲಿ ಈ ಅನುಕೂಲವಿಲ್ಲ. ಹೆಸರಿನ ಕೊನೆಯ ಒಂದಕ್ಷರ ನೋಡಿಕೊಳ್ಳಿ.

ಟಿ470 ನೋಡಲು ಹೀಗೇ ಇರುತ್ತದೆ, ಕಡಿಮೆಗೂ ಸಿಗುತ್ತದೆ. ಆದರೆ ಅದರಲ್ಲಿರುವುದು ಇಂಟೆಲ್‌ನ 6 ಅಥವಾ 7ನೇ ತಲೆಮಾರಿನ ಪ್ರೊಸೆಸರ್, ವಿಂಡೋಸ್ 11ರ ಪಟ್ಟಿಗೆ ಸೇರಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿ ಮಾರುವ ಅಂಗಡಿಗಳಿವೆ. ಇವತ್ತು ಓಡುತ್ತದೆ, ಮುಂದಿನ ದೊಡ್ಡ ಅಪ್‌ಡೇಟ್ ಬರದೇ ಹೋಗಬಹುದು. ಪ್ರೊಸೆಸರ್ ಹೆಸರಿನಲ್ಲಿ ಐ5 ಆದ ಮೇಲೆ 8ರಿಂದ ಶುರುವಾಗುವ ನಾಲ್ಕಂಕಿ ಇದೆಯೇ ಎಂದು ಓದಿ. 8250ಯು ಅಥವಾ 8350ಯು ಇದ್ದರೆ ಸರಿ.

ಇಂಥ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ರಾಶಿ ಸಿಗುತ್ತವೆ, ಮೈಸೂರಿನಲ್ಲೂ ಸಿಗುತ್ತವೆ. ಕೊರಿಯರ್‌ನಲ್ಲಿ ತರಿಸುವುದಕ್ಕಿಂತ ಬಸ್ಸು ಹತ್ತಿ ಹೋಗುವುದೇ ಮೇಲು, ಯಾಕೆಂದರೆ ಮುಂದೆ ಹೇಳುವ ಪರೀಕ್ಷೆಗಳನ್ನು ದುಡ್ಡು ಕೊಡುವ ಮುಂಚೆಯೇ ಮಾಡಬೇಕು. 'ಎ ಗ್ರೇಡ್', 'ಬಿ ಗ್ರೇಡ್' ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಒಂದೇ ಬೀದಿಯ ಎರಡು ಅಂಗಡಿಗಳ 'ಎ' ಬೇರೆ ಬೇರೆ. ಅದು ಹೊರಮೈ ಗೀರುಗಳ ಮಾತು, ಬ್ಯಾಟರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಮೊದಲ ಕೆಲಸ, ಆನ್ ಆಗುವಾಗ ಎಫ್1 ಒತ್ತಿ ಬಯೋಸ್‌ಗೆ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಹೋಗುವುದು. ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10. ಅಲ್ಲಿ ಕಾಣುವ ಸೀರಿಯಲ್ ನಂಬರ್, ತಳದ ಸ್ಟಿಕ್ಕರ್ ಮತ್ತು ಬಿಲ್ಲಿನ ನಂಬರ್ ಮೂರೂ ಒಂದೇ ಆಗಿರಬೇಕು. ಬೇರೆಯಾಗಿದ್ದರೆ ಮದರ್‌ಬೋರ್ಡ್ ಅಥವಾ ತಳದ ಕವರ್ ಬದಲಾಗಿರಬಹುದು. ಎರಡನೆಯದು, ಸೂಪರ್‌ವೈಸರ್ ಪಾಸ್‌ವರ್ಡ್. ಇದನ್ನು ಹಾಕಿದ್ದರೆ ಸೆಟ್ಟಿಂಗ್‌ಗಳು ಕಾಣುತ್ತವೆ, ಬದಲಿಸಲು ಬಿಡುವುದಿಲ್ಲ. ಒಳಗಿನ ಗಡಿಯಾರದ ಸೆಲ್ ತೆಗೆದರೆ ಹೋಗುತ್ತದೆ ಎನ್ನುವ ಮಾತು ಥಿಂಕ್‌ಪ್ಯಾಡ್‌ಗೆ ನಡೆಯುವುದಿಲ್ಲ. ಪಾಸ್‌ವರ್ಡ್ ಇರುವುದು ಬೇರೆ ಚಿಪ್‌ನಲ್ಲಿ, ಕಂಪನಿಯ ಅಧಿಕೃತ ಪರಿಹಾರ ಬೋರ್ಡ್ ಬದಲಿಸುವುದೊಂದೇ. ಮೂರನೆಯದು, ಸೆಕ್ಯುರಿಟಿ ವಿಭಾಗದಲ್ಲಿ ಕಂಪ್ಯೂಟ್ರೇಸ್ ಅಥವಾ ಅಬ್ಸೊಲ್ಯೂಟ್ ಎಂಬ ಹೆಸರು, ಲ್ಯಾಪ್‌ಟಾಪನ್ನು ದೂರದಿಂದಲೇ ಹುಡುಕುವ, ಬೀಗ ಹಾಕುವ ವ್ಯವಸ್ಥೆ ಇದು. ಹಳೆಯ ಮಾಲೀಕ ಕಂಪನಿ ಅದನ್ನು ಚಾಲೂ ಇಟ್ಟು ಹೋಗಿದ್ದರೆ ಆ ಲ್ಯಾಪ್‌ಟಾಪ್ ಬೇಡ.

ನಾಲ್ಕನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ವಿಂಡೋಸ್ ಅನ್ನು ಪೂರ್ತಿ ರೀಸೆಟ್ ಮಾಡಿಸಿ, ಸೆಟಪ್ ಶುರುವಾದಾಗ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ. ಯಾವುದೋ ಕಂಪನಿಯ ಹೆಸರು ತೋರಿಸಿ ಆಫೀಸ್ ಲಾಗಿನ್ ಕೇಳಿದರೆ ಅದು ಇನ್ನೂ ಆ ಕಂಪನಿಯ ಆಟೋಪೈಲಟ್ (ಕಂಪನಿಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ನೋಂದಾಯಿಸುವ ಮೈಕ್ರೋಸಾಫ್ಟ್ ಸೇವೆ) ಪಟ್ಟಿಯಲ್ಲಿದೆ. ಇಂಟರ್‌ನೆಟ್ ಇಲ್ಲದೆ ಸೆಟಪ್ ಮುಗಿಸಿದ ಲ್ಯಾಪ್‌ಟಾಪ್‌ನಲ್ಲಿ ಈ ಬೀಗ ಕಾಣುವುದೇ ಇಲ್ಲ, ಮುಂದೆ ಎಂದಾದರೂ ರೀಸೆಟ್ ಮಾಡಿದ ದಿನ ಎದುರಾಗುತ್ತದೆ. ಪಟ್ಟಿಯಿಂದ ತೆಗೆಯಲು ಆ ಕಂಪನಿಯಿಂದ ಮಾತ್ರ ಆಗುತ್ತದೆ, ಅಂಗಡಿಯವರಿಂದ ಆಗುವುದಿಲ್ಲ.

ಇನ್ನು ಬೆಲೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ', ಒಂದು ಜಾಗ ಬಿಟ್ಟು ಓರೆಗೆರೆ (/), ಅದಕ್ಕೆ ಅಂಟಿಸಿ 'ಬ್ಯಾಟರಿರಿಪೋರ್ಟ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಒಂದು ವರದಿ ಸಿದ್ಧವಾಗುತ್ತದೆ. ಡಿಸೈನ್ ಕೆಪಾಸಿಟಿ, ಫುಲ್ ಚಾರ್ಜ್ ಕೆಪಾಸಿಟಿ ಎಂಬ ಎರಡು ಸಾಲು ಸಾಕು. ನಾನು ನೋಡಿದ ಲ್ಯಾಪ್‌ಟಾಪ್‌ನ ಹೊರಬ್ಯಾಟರಿ 71,000 ಮಿಲಿವಾಟ್-ಅವರ್ ಚಿಲ್ಲರೆಯಲ್ಲಿ 41,000 ಚಿಲ್ಲರೆಗೆ ಇಳಿದಿತ್ತು, ಅಂದರೆ ಶೇ. 58. ನನ್ನ ಅಳತೆ ಹೀಗೆ: ಶೇ. 80ಕ್ಕಿಂತ ಮೇಲಿದ್ದರೆ ಸುಮ್ಮನಿರುತ್ತೇನೆ, 60ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಪೂರ್ತಿ ದರ ಕಳೆಯುತ್ತೇನೆ, ನಡುವೆ ಇದ್ದರೆ ಅರ್ಧ. 16 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಇದ್ದ ಅದಕ್ಕೆ 21,000 ಹೇಳಿದ್ದರು. ಬ್ಯಾಟರಿಗೆ 3,500, ನಕಲಿ ಅಡಾಪ್ಟರ್ ಕೊಟ್ಟಿದ್ದಕ್ಕೆ 1,500 ಕಳೆದಾಗ 16,000 ಬಂತು. ಪರದೆ ಫುಲ್ ಎಚ್‌ಡಿ, ಐಪಿಎಸ್ (ಬದಿಯಿಂದಲೂ ಬಣ್ಣ ಸರಿಯಾಗಿ ಕಾಣುವಂಥದ್ದು), ಕಲೆಯಿಲ್ಲದ್ದು ಎಂದು ಒಂದು ಸಾವಿರ ಸೇರಿಸಿ 17,000ಕ್ಕೆ ಮುಗಿಸಿದೆ. ಇದೇ ಮಾಡೆಲ್‌ನಲ್ಲಿ 1366 ಗುಣಿಸು 768ರ ಮಂಕು ಪರದೆಯೂ ಬರುತ್ತದೆ. ಬದಿಯಿಂದ ನೋಡಿದಾಗ ಬಣ್ಣ ತಿರುಗಿದರೆ ಅದೇ.

ರ‍್ಯಾಮ್ ಆಮೇಲೆ ಹಾಕಿಸೋಣ ಎಂಬ ಹಳೆಯ ಸಲಹೆಯನ್ನು ಈಗ ಕೊಡುವುದಿಲ್ಲ. 2025ರ ಕೊನೆಯಿಂದ ಮೆಮೊರಿ ಬೆಲೆ ತುಂಬಾ ಏರಿತು. 16 ಜಿಬಿ ಒಳಗೇ ಇರುವುದನ್ನು ತೆಗೆದುಕೊಳ್ಳಿ.

ಅಡಾಪ್ಟರ್ ವಿಷಯವನ್ನು ಸಣ್ಣದೆಂದು ಬಿಡಬೇಡಿ. ಟಿ480ಗೆ ಬೇಕಿರುವುದು ಯುಎಸ್‌ಬಿ-ಸಿ, 65 ವಾಟ್, 20 ವೋಲ್ಟ್, 3.25 ಆಂಪಿಯರ್. ಹಳೆಯ ಗುಂಡುಪಿನ್ನಿನ ಡೆಲ್ ಆದರೆ ಪಿನ್ನಿನ ನಡುವಿನ ಸೂಜಿ ಅಡಾಪ್ಟರಿನ ಗುರುತು ಹೇಳುತ್ತದೆ. ನಕಲಿಯಾಗಿ ಗುರುತು ಸಿಗದಿದ್ದರೆ ಲ್ಯಾಪ್‌ಟಾಪ್ ಆನ್ ಆಗುತ್ತದೆ, ಆದರೆ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಪ್ರೊಸೆಸರ್ ನಿಧಾನವಾಗುತ್ತದೆ.

ಮನೆಗೆ ತಂದ ಮೇಲಿನ ದೊಡ್ಡ ಕೆಲಸ ಫರ್ಮ್‌ವೇರ್, ಅಂದರೆ ಬಯೋಸ್‌ನಂತೆ ಚಿಪ್‌ಗಳೊಳಗಿರುವ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡುವುದು. ಇದನ್ನು ಮೇ ತಿಂಗಳೊಳಗೆ ಮುಗಿಸಲೇಬೇಕು ಎನ್ನುತ್ತೇನೆ. ಏಪ್ರಿಲ್, ಮೇಯಲ್ಲಿ ಗುಡುಗು ಮಿಂಚು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಹಾಗಾಗಿ ಬೆಳಿಗ್ಗೆ ಕುಳಿತುಕೊಳ್ಳುತ್ತೇನೆ. ಪಕ್ಕದ ತೋಟದಲ್ಲಿ ಸ್ಪ್ರಿಂಕ್ಲರ್ ಮೋಟಾರ್ ಓಡುವಾಗ ವೋಲ್ಟೇಜ್ ಬೀಳುತ್ತದೆ, ಆ ಹೊತ್ತೂ ಬೇಡ.

ಎರಡೂ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, ಅಡಾಪ್ಟರ್ ಚುಚ್ಚಿಯೇ ಇರಲಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಚಾಲೂ ಇದ್ದರೆ ಮೊದಲು 'ಸಸ್ಪೆಂಡ್' ಮಾಡಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ. ಬಯೋಸ್ ಬದಲಾದಾಗ ಬಿಟ್‌ಲಾಕರ್ ಅನುಮಾನಪಟ್ಟು ಆ ಕೀ ಕೇಳಬಹುದು, ಕೀ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದೆಲ್ಲ ಹೋದಂತೆ. ಆಮೇಲೆ ಲೆನೊವೊ ವ್ಯಾಂಟೇಜ್ ಎಂಬ ಕಂಪನಿಯ ಆ್ಯಪ್ ತೆರೆದು, ಎಲ್ಲವನ್ನೂ ಒಟ್ಟಿಗೆ ಟಿಕ್ ಮಾಡದೆ, ಬಯೋಸ್ ಒಂದನ್ನೇ ಆರಿಸಿ. ಡೆಲ್‌ನಲ್ಲಿ ಈ ಕೆಲಸಕ್ಕೆ ಡೆಲ್ ಕಮಾಂಡ್ ಅಪ್‌ಡೇಟ್ ಇದೆ, ಎಚ್‌ಪಿಯಲ್ಲಿ ಇಮೇಜ್ ಅಸಿಸ್ಟೆಂಟ್ ಇದೆ.

ಮುಂದಿನ ಹತ್ತು ನಿಮಿಷದಲ್ಲೇ ಜನ ತಪ್ಪು ಮಾಡುವುದು. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆಗುತ್ತದೆ, ಒಂದು ಪಟ್ಟಿ ನಿಧಾನವಾಗಿ ತುಂಬುತ್ತದೆ. ಆಮೇಲೆ ಪರದೆ ಪೂರ್ತಿ ಕಪ್ಪಾಗುತ್ತದೆ. ಫ್ಯಾನ್ ಒಮ್ಮೆಲೇ ಜೋರಾಗಿ ತಿರುಗಿ ನಿಲ್ಲಬಹುದು, ಪವರ್ ಬಟನ್ನಿನ ದೀಪ ಆರಿ ಮತ್ತೆ ಹತ್ತಬಹುದು. ಎರಡು ಮೂರು ಸಲ ತಾನಾಗಿಯೇ ಆಫ್ ಆಗಿ ಆನ್ ಆಗುತ್ತದೆ. ಕೆಟ್ಟುಹೋಯಿತು ಎಂದು ಪವರ್ ಬಟನ್ ಒತ್ತಿ ಹಿಡಿದರೆ ಆಗ ನಿಜಕ್ಕೂ ಕೆಡುತ್ತದೆ, ಚಿಪ್‌ನಲ್ಲಿ ಅರ್ಧ ಬರಹ ಉಳಿಯುತ್ತದೆ. ನಾನು ಅರ್ಧ ಗಂಟೆ ಮುಟ್ಟುವುದಿಲ್ಲ. ಅರ್ಧಕ್ಕೇ ನಿಂತು ಹಾಳಾದ ಡೆಲ್ ಆದರೆ ಕಂಟ್ರೋಲ್ ಮತ್ತು ಎಸ್ಕೇಪ್ ಒತ್ತಿ ಹಿಡಿದುಕೊಂಡು ಅಡಾಪ್ಟರ್ ಚುಚ್ಚಿ ನೋಡಿ, ರಿಕವರಿ ಪರದೆ ಬರಬಹುದು. ಎಚ್‌ಪಿಯಲ್ಲಿ ವಿಂಡೋಸ್ ಕೀ ಮತ್ತು ಬಿ ಹಿಡಿದು ಪವರ್ ಒತ್ತಬೇಕು.

ಎರಡನೆಯದು ಥಂಡರ್‌ಬೋಲ್ಟ್ (ಯುಎಸ್‌ಬಿ-ಸಿ ಪೋರ್ಟನ್ನು ನಡೆಸುವ ಚಿಪ್) ಫರ್ಮ್‌ವೇರ್, ಟಿ480ಗೆ ಇದು ಬಯೋಸ್‌ಗಿಂತಲೂ ಮುಖ್ಯ. ಹಳೆಯ ಆವೃತ್ತಿ ತನ್ನ ಫ್ಲ್ಯಾಶ್ ಚಿಪ್ ಮೇಲೆ ಅಗತ್ಯಕ್ಕಿಂತ ಹೆಚ್ಚು ಸಲ ಬರೆದು ಅದನ್ನು ಸವೆಸುತ್ತದೆ. ಕೊನೆಗೆ ಯುಎಸ್‌ಬಿ-ಸಿ ಪೋರ್ಟ್ ಡಾಕ್ (ಪರದೆ, ಕೀಬೋರ್ಡ್ ಜೋಡಿಸುವ ಪೆಟ್ಟಿಗೆ) ಹಿಡಿಯುವುದಿಲ್ಲ, ಚಾರ್ಜ್ ಆಗುವುದೂ ನಿಲ್ಲಬಹುದು. ತಯಾರಕರೇ ಇದಕ್ಕೆ ತುರ್ತು ಅಪ್‌ಡೇಟ್ ಬಿಟ್ಟಿದ್ದಾರೆ. ಈ ಮಾಡೆಲ್‌ನಲ್ಲಿ ಚಾರ್ಜಿಂಗಿಗೆ ಯುಎಸ್‌ಬಿ-ಸಿ ಬಿಟ್ಟು ಬೇರೆ ದಾರಿಯಿಲ್ಲ. ಅಪ್‌ಡೇಟ್ ಹಾಕುವ ಮುಂಚೆಯೇ ಚಿಪ್ ಕೆಟ್ಟಿದ್ದರೆ ಅಪ್‌ಡೇಟ್ ಕೂರುವುದಿಲ್ಲ, ಬೋರ್ಡ್ ಬಿಚ್ಚಿ ಪ್ರೋಗ್ರಾಮರ್ ಎಂಬ ಉಪಕರಣದಿಂದ ಬರೆಯಿಸಬೇಕು. ಹಾಗಾಗಿ ಅಂಗಡಿಯಲ್ಲೇ ಎರಡೂ ಯುಎಸ್‌ಬಿ-ಸಿ ಪೋರ್ಟಿನಲ್ಲಿ ಚಾರ್ಜ್ ಆಗುತ್ತದೆಯೇ ನೋಡಿ, ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇದೆಯೇ ನೋಡಿ. ಉಳಿದಂತೆ ಇಂಟೆಲ್ ಎಂಇ (ಬೋರ್ಡಿನಲ್ಲಿರುವ ಇಂಟೆಲ್‌ನ ನಿರ್ವಹಣಾ ಭಾಗ), ಎಸ್‌ಎಸ್‌ಡಿ ಫರ್ಮ್‌ವೇರ್. ಎಸ್‌ಎಸ್‌ಡಿಗೆ ಮೊದಲು ಬ್ಯಾಕಪ್ ತೆಗೆಯದೆ ಕೈ ಹಾಕುವುದಿಲ್ಲ.

ಹಳೆಯ ಲ್ಯಾಪ್‌ಟಾಪಿಗೆ ಬಯೋಸ್ ಯಾಕೆ ಎನ್ನುವವರಿಗೆ ಒಂದು ದಿನಾಂಕ: ಸೆಕ್ಯೂರ್ ಬೂಟ್‌ನ (ಆನ್ ಆಗುವಾಗ ನಂಬಿಕೆಯ ಸಾಫ್ಟ್‌ವೇರನ್ನು ಮಾತ್ರ ಓಡಲು ಬಿಡುವ ವ್ಯವಸ್ಥೆ) 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. 2023ರ ಹೊಸವು ವಿಂಡೋಸ್ ಅಪ್‌ಡೇಟಿನಲ್ಲಿ ಬರುತ್ತವೆ, ಕೆಲವು ಮಾಡೆಲ್‌ಗಳಿಗೆ ಮೊದಲು ಹೊಸ ಬಯೋಸ್ ಬೇಕು. ಅವು ಸಿಗದ ಲ್ಯಾಪ್‌ಟಾಪ್ ಆನ್ ಆಗುವುದು ನಿಲ್ಲುವುದಿಲ್ಲ, ಬೂಟ್ ಹಂತದ ಹೊಸ ಭದ್ರತಾ ಸರಿಪಡಿಕೆಗಳು ಬರುವುದು ನಿಲ್ಲುತ್ತದೆ.

ಚಾರ್ಜ್ ಮಿತಿಯನ್ನು ಋತುವಿಗೆ ತಕ್ಕಂತೆ ಬದಲಿಸುತ್ತೇನೆ. ಅಕ್ಟೋಬರ್‌ನಿಂದ ಮೇವರೆಗೆ ವ್ಯಾಂಟೇಜ್‌ನಲ್ಲಿ ಶೇ. 80ಕ್ಕೆ ನಿಲ್ಲಿಸುತ್ತೇನೆ, ಸದಾ ನೂರರಲ್ಲಿದ್ದರೆ ಬ್ಯಾಟರಿ ಬೇಗ ಸವೆಯುತ್ತದೆ. ಜೂನ್ ಒಂದಕ್ಕೆ ಮಿತಿ ತೆಗೆದು ನೂರಕ್ಕೆ ಬಿಡುತ್ತೇನೆ. ಬ್ಯಾಟರಿ ಸ್ವಲ್ಪ ಸವೆದರೆ ಸವೆಯಲಿ, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳಲ್ಲಿ ಆ ಶೇ. 20 ಎರಡು ಗಂಟೆ ಕೆಲಸ.

ತೇವಕ್ಕೆ ಮುಚ್ಚಳ ಬಿಗಿಯಾಗಿರುವ ಪ್ಲಾಸ್ಟಿಕ್ ಡಬ್ಬ, ಒಳಗೆ ಬಟ್ಟೆಚೀಲದಲ್ಲಿ 200 ಗ್ರಾಂ ನೀಲಿ ಸಿಲಿಕಾ ಜೆಲ್. ಗುಲಾಬಿ ಬಣ್ಣಕ್ಕೆ ತಿರುಗಿದರೆ ಚೀಲದಿಂದ ತಟ್ಟೆಗೆ ಸುರಿದು, ಅಡುಗೆಗೆ ಬಳಸದ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ನೀಲಿಯಾಗುತ್ತದೆ. ಲ್ಯಾಪ್‌ಟಾಪ್ ಬಿಸಿ ಇರುವಾಗ ಡಬ್ಬಕ್ಕೆ ಹಾಕಬೇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿಡುವುದೂ ಬೇಡ, ಹೊಗೆಯ ಜಿಡ್ಡು ಫ್ಯಾನಿಗೆ ಅಂಟಿ ಅದರ ಮೇಲೆ ಧೂಳು ಕೂರುತ್ತದೆ. ದಿನಕ್ಕೊಮ್ಮೆ ಒಂದು ಗಂಟೆ ಓಡಿಸಿದರೆ ಒಳಗಿನ ಶಾಖವೇ ಅರ್ಧ ಕಾಪಾಡುತ್ತದೆ. ಬಳಸದೆ ಬ್ಯಾಗಿನಲ್ಲಿಟ್ಟದ್ದಕ್ಕೇ ಬೂಷ್ಟು ಹಿಡಿಯುವುದು.

ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಲ್ಲಿ ಒಮ್ಮೆ ಬಿಚ್ಚುತ್ತೇನೆ. ಬಯೋಸ್‌ನ ಪವರ್ ವಿಭಾಗದಲ್ಲಿ 'ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ' ಕೊಟ್ಟು, ಹೊರಬ್ಯಾಟರಿ ಕಳಚಿ, ಆಮೇಲೆ ತಳದ ಕವರ್. ಸ್ಕ್ರೂಗಳು ಸಡಿಲವಾಗಿ ಕವರಿನಲ್ಲೇ ಉಳಿಯುತ್ತವೆ, ಎಳೆದು ತೆಗೆಯಲು ಹೋಗಬೇಡಿ. ಕವರಿನ ಅಂಚಿನ ಕೊಕ್ಕೆಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಬಿಡಿಸುತ್ತಾ ಬನ್ನಿ. ಫ್ಯಾನನ್ನು ಬೆರಳಿನಿಂದ ತಡೆಹಿಡಿದೇ ಬ್ರಷ್ ಆಡಿಸಿ. ಪೋರ್ಟ್‌ಗಳ ಸುತ್ತ, ರ‍್ಯಾಮ್‌ನ ಚಿನ್ನದ ಬಣ್ಣದ ಅಂಚಿನಲ್ಲಿ ಹಸಿರು ಅಥವಾ ಬಿಳಿ ಪುಡಿ ಕಂಡರೆ ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಕಾಲು ಗಂಟೆ ಆರಲು ಬಿಡಿ. ಮುಚ್ಚಿ ಅಡಾಪ್ಟರ್ ಚುಚ್ಚಿದರೆ ಒಳಗಿನ ಬ್ಯಾಟರಿ ಮತ್ತೆ ಎಚ್ಚರವಾಗುತ್ತದೆ. ಅದೇ ದಿನ ಬ್ಯಾಟರಿ ವರದಿ ಇನ್ನೊಮ್ಮೆ ತೆಗೆದು, ಬಿಲ್ಲಿನ ಹಿಂದೆ ತಾರೀಕಿನ ಜೊತೆ ಬರೆದಿಡುತ್ತೇನೆ.