ನಾಮಿನೇಶನ್ ಬಂದ ರಾತ್ರಿ ಬೈಯೂದ ಬಿಟ್ಟು ನಾ ಏನ್ ಮಾಡ್ತೇನಿ

ಆಸ್ಕರ್ ನಾಮಿನೇಶನ್ ಬಹಳ ಮಾಡಿ ಜನವರಿ ಒಳಗ ಬರ್ತಾವ, ನಮಗ ಸಂಜೀ ಏಳು ಅಂದ್ರ ಲಾಸ್ ಏಂಜಲೀಸ್‌ದಾಗ ಬೆಳಗಿನ ಐದೂವರಿ. ಹುಬ್ಬಳ್ಳಿ ವಿದ್ಯಾನಗರದ ರೂಮಿನ್ಯಾಗ ಚಹಾ ಹಿಡ್ಕೊಂಡು ಕುಂತಿರ್ತೇನಿ. ಹೀರೋ ಹೀರೋಯಿನ್ ಲಿಸ್ಟ್ ನನಗ ಬ್ಯಾಡ, ಒರಿಜಿನಲ್ ಸ್ಕ್ರೀನ್‌ಪ್ಲೇ (ಹೊಸದಾಗಿ ಹುಟ್ಟಿಸಿದ ಚಿತ್ರಕಥಿ) ಐದು, ಅಡಾಪ್ಟೆಡ್ (ಮೊದ್ಲ ಇದ್ದ ಕಥಿ, ಪಾತ್ರ ತಗೊಂಡು ಬರ್ದದ್ದು) ಐದು, ಅಷ್ಟ ಸಾಕು. ನಾನೂ ಬರಿಯಾಂವನ ನೋಡ್ರಿ, ಶಾರ್ಟ್ ಫಿಲ್ಮ್ ಆದ್ರೂ ಬರಿಯೂದು ಬರಿಯೂದ.

ಮೊದ್ಲ ನಾ ಹಿಂಗಿರ್ಲಿಲ್ಲ, ಲಿಸ್ಟ್ ಬಂದ ಕೂಡ್ಲೇ ಗ್ರೂಪಿನ್ಯಾಗ ಬೈಯಾಕ ಶುರು. 2024ರಾಗ ಮರ್ಯಾದಿ ಹೋತು. 'ಅನಾಟಮಿ ಆಫ್ ಎ ಫಾಲ್' ಅನ್ನೂ ಫ್ರೆಂಚ್ ಸಿನಿಮಾ ಆಸ್ಕರ್ ಒರಿಜಿನಲ್ ಲಿಸ್ಟಿನ್ಯಾಗ ಇತ್ತು, ಫೆಬ್ರವರಿ ಒಳಗ ಅಮೆರಿಕಾದ ರೈಟರ್ಸ್ ಗಿಲ್ಡ್ (ಬರಹಗಾರರ ಸಂಘ) ತನ್ನ ಪ್ರಶಸ್ತಿ ಲಿಸ್ಟ್ ಬಿಟ್ರ ಅದರಾಗ ಇಲ್ಲ. "ಫ್ರೆಂಚ್‌ನವ್ರದು ಅಂತ ಬೇಕಂತ್ಲೇ ಕೈ ಬಿಟ್ಟಾರ" ಅಂತ ಉದ್ದಕ ಬರ್ದು ಒಗದೆ. ಧಾರವಾಡದ ಗೆಳ್ಯಾ ಒಬ್ಬಾಂವ ಫೋನ್ ಹಚ್ಚಿ, "ಲೇ ಹುಚ್ಚಾ, ಗಿಲ್ಡ್ ಇಲ್ಲಾ ಅದರ ಜೋಡಿ ಸಂಘಗಳ ಒಪ್ಪಂದದ ಒಳಗ ಬರ್ದ ಸ್ಕ್ರಿಪ್ಟ್ ಅಷ್ಟ ಅಲ್ಲಿ ಸೇರ್ತಾವ, ಇದು ಆ ಲೆಕ್ಕಕ್ಕ ಬರಂಗೇ ಇಲ್ಲ" ಅಂದ. ಮಾರ್ಚ್‌ದಾಗ ಒರಿಜಿನಲ್ ಸ್ಕ್ರೀನ್‌ಪ್ಲೇ ಆಸ್ಕರ್ ಅದಕ್ಕ ಸಿಕ್ತು, ಗ್ರೂಪಿನವ್ರು ನನ್ನ ಮೆಸೇಜಿಗೆ ನಗೂ ಇಮೋಜಿ ಹಾಕಿದ್ದೇ ಹಾಕಿದ್ದು.

ಅಂದಿನಿಂದ ಮೊದ್ಲ ನೋಡೂದು ಯಾವ ಖಾನೆ, ಯಾರ ರೂಲ್ಸು ಅಂತ. ಅದ ವರ್ಷ 'ಬಾರ್ಬಿ' ಗಿಲ್ಡ್‌ದಾಗ ಒರಿಜಿನಲ್, ಆಸ್ಕರ್‌ದಾಗ ಅಡಾಪ್ಟೆಡ್, ಗೊಂಬಿ ಪಾತ್ರ ಮೊದ್ಲ ಇತ್ತಲ್ಲ ಅಂತ! ಇನ್ನೊಂದ್ ಮಾತು, ಈ ಖಾನೆದಾಗ ನಾಮಿನೇಶನ್ ಹಾಕೂದು ಆಸ್ಕರ್ ಕೊಡೂ ಅಕಾಡೆಮಿ ಒಳಗಿನ ಬರಹಗಾರರು ಅಷ್ಟ, ಗೆಲ್ಲೂದಕ್ಕ ಮಾತ್ರ ಎಲ್ಲಾ ಮೆಂಬರ್ಸು ವೋಟ್ ಹಾಕ್ತಾರ. ಅದಕ್ಕ ಗೆದ್ದಾರಕಿಂತ ಆ ಐದರ ಲಿಸ್ಟ ನನಗ ರುಚಿ.

ಆಮ್ಯಾಲೆ ಪಿಡಿಎಫ್ ಹುಡುಕ್ತೇನಿ. ಅವಾರ್ಡ್ ಸೀಸನ್‌ದಾಗ ಸ್ಟುಡಿಯೋದವ್ರ ಭಾಳ ಸ್ಕ್ರಿಪ್ಟ್ ಫ್ರೀ ಬಿಡ್ತಾರ. ನೂರಿಪ್ಪತ್ತ ಪುಟ ಪೂರ್ತಿ ಪ್ರಿಂಟ್ ತಗದ್ರ ರೊಕ್ಕ ಯಾರ ಕೊಡ್ತಾರ, ಮೊದಲ ಹದಿನೈದು ಪುಟ ಕೊಪ್ಪಿಕರ ರೋಡಿನ್ಯಾಗ ತಗಸ್ತೇನಿ, ಉಳದದ್ದು ಫೋನಿನ್ಯಾಗ. ಸಿನಿಮಾ ನೋಡೂಕಿಂತ ಮೊದ್ಲ ಓದ್ಬೇಕು, ಇಲ್ಲಾಂದ್ರ ಕ್ಯಾಮೆರಾ, ಮ್ಯೂಸಿಕ್ಕು, ಆ್ಯಕ್ಟಿಂಗ್ ಎಲ್ಲಾದರದೂ ಕ್ರೆಡಿಟ್ ಬರ್ದಾಂವಗ ಕೊಟ್ಬಿಡ್ತೇವಿ. ಪೆನ್ನಿಲೆ ಮಾತು ಇದ್ದ ಸಾಲೆಲ್ಲಾ ಹೊಡದು ಹಾಕಿ, ಉಳದಿದ್ದರಾಗ ಕಥಿ ತಿಳೀತದೇನು ಅಂತ ನೋಡ್ತೇನಿ.

ನಮ್ಮ ಕಡೆ "ಡೈಲಾಗ್ ಮಸ್ತ್ ಅದಾವ" ಅಂದ್ರ ಸ್ಕ್ರೀನ್‌ಪ್ಲೇ ಮಸ್ತ್ ಅಂತನ ಅರ್ಥ. ಆದ್ರ 57ನೇ ರಾಷ್ಟ್ರಪ್ರಶಸ್ತಿ ಒಳಗ ಒರಿಜಿನಲ್, ಅಡಾಪ್ಟೆಡ್, ಸಂಭಾಷಣೆ ಅಂತ ಬ್ಯಾರೆ ಬ್ಯಾರೆ ಕೊಟ್ರು, ಅಡಾಪ್ಟೆಡ್ ಬಂದದ್ದು ಕನ್ನಡದ 'ಕನಸೆಂಬ ಕುದುರೆಯನೇರಿ'ಗೆ, ಗೋಪಾಲಕೃಷ್ಣ ಪೈ ಮತ್ತ ಗಿರೀಶ್ ಕಾಸರವಳ್ಳಿ ಅವ್ರಿಗೆ. ಮೂಲ ಅಮರೇಶ ನುಗಡೋಣಿ ಅವ್ರ ಕಥಿ. ಇದನ್ನ ಹೇಳಿದ್ರ ಗ್ರೂಪಿನ್ಯಾಗ ಯಾರೂ ರಿಪ್ಲೈ ಮಾಡಂಗಿಲ್ಲ, ಇರ್ಲಿ.

ಆ ಫ್ರೆಂಚ್ ಸಿನಿಮಾಕ್ಕ ಬರ್ತೇನಿ. ಗಂಡಾ ಹೆಂಡ್ತಿ ಜಗಳದ ರೆಕಾರ್ಡಿಂಗ್ ಕೋರ್ಟಿನ್ಯಾಗ ಹಚ್ತಾರ. ಜಗಳ ಕಣ್ಣಿಗೂ ಕಾಣ್ತದ, ಆದ್ರ ಕೈ ಕೈ ಮಿಲಾಯಿಸೂ ಹೊತ್ತಿಗೆ ಮತ್ತ ಕೋರ್ಟು, ಬರೇ ಸಪ್ಪಳ ಕೇಳ್ತದ. ಯಾರ್ ಯಾರಿಗೆ ಹೊಡದ್ರು ಅನ್ನೂದು ನಮ್ಮ ತಲಿಗೆ ಬಿಟ್ಟದ್ದು. ಇದು ಡೈಲಾಗ್ ಅಲ್ರೀ, ಎಲ್ಲಿ ಕಟ್ ಮಾಡ್ಬೇಕು ಅನ್ನೂ ಲೆಕ್ಕ.

ಅದನ್ನ ನೋಡಿ ನನ್ನ ಸ್ಕ್ರಿಪ್ಟ್ ತಗದೆ. ಧಾರವಾಡದಿಂದ ಹುಬ್ಬಳ್ಳಿಗೆ ಬರೂ ಚಿಗರಿ ಬಸ್ಸಿನ್ಯಾಗ ಅಪ್ಪಾ ಮಗಾ ಹೊಲಾ ಮಾರೂ ಸಲುವಾಗಿ ಜಗಳಾಡ್ತಾರ, ಮೂರು ಪುಟ ಬರೇ ಮಾತು, ಒಂದೊಂದು ಡೈಲಾಗೂ ಚಪ್ಪಾಳಿ ಬೀಳೂವಂಥಾದ್ದು ಅಂತ ನನ್ನ ಸೊಕ್ಕು. ಪೆನ್ನಿಲೆ ಹೊಡಕೋತ ಹೋದೆ, ಉಳದದ್ದು ಏನೂ ಇಲ್ಲ. ಮತ್ತ ಬರ್ದೆ. ಈಗ ಅಪ್ಪ ಮಾತ ಆಡಂಗಿಲ್ಲ, ನವನಗರ ಸ್ಟಾಪ್ ಬರೂದ್ರಾಗ ಎದ್ದು ಇಳದು ಹೋಗ್ತಾನ, ಸೀಟ್ ಮ್ಯಾಲೆ ಹೊಲದ ಉತಾರದ (ಪಹಣಿ) ಪ್ಲಾಸ್ಟಿಕ್ ಚೀಲ ಹಂಗ ಉಳೀತದ, ಬಾಗಲಾ ಮುಚ್ಚತದ. ಅರ್ಧ ಪುಟ.

ಅಪ್ಪನ ಪಾರ್ಟ್ ಮಾಡೂ ಧಾರವಾಡದ ಹಿರಿ ನಾಟಕದವ್ರಿಗೆ ಕೊಟ್ಟೆ. ಓದಿ ಕನ್ನಡ್ಕ ತಗದು, "ತಮ್ಮಾ, ನನ್ನ ಮಾತೆಲ್ಲಾ ತಿಂದಿ, ಪೇಮೆಂಟ್ ಅರ್ಧ ಮಾಡ್ಬ್ಯಾಡ ಮತ್ತ" ಅಂದ್ರು.