ಕೋಣೆ ಬಾಡಿಗೆಗೆ ಕೊಡುವ ಮುನ್ನ: ಬ್ರಿಟನ್ನಿನಲ್ಲಿ ನೆಲೆಸುತ್ತಿರುವ ಕುಟುಂಬಗಳಿಗೆ ಮನೆ ವಿಮೆಯ ಮಾರ್ಗದರ್ಶಿ

ಬ್ರಿಟನ್ನಿನಲ್ಲಿ ಮೊದಲ ಮನೆ ಕೊಂಡ ಕುಟುಂಬಗಳು, ಸಾಲದ ಕಂತಿನ ಭಾರ ಒಂದಿಷ್ಟು ಇಳಿಯಲೆಂದು, ಖಾಲಿ ಇರುವ ಕೋಣೆಯನ್ನು ವಿದ್ಯಾರ್ಥಿಗೋ ಹೊಸದಾಗಿ ಕೆಲಸಕ್ಕೆ ಬಂದವರಿಗೋ ಬಾಡಿಗೆಗೆ ಕೊಡುವುದುಂಟು. 'ರೆಂಟ್ ಎ ರೂಮ್' ಯೋಜನೆಯಡಿ, ನೀವೇ ವಾಸವಾಗಿರುವ ಮನೆಯಲ್ಲಿ ಪೀಠೋಪಕರಣ ಸಹಿತ ಕೊಟ್ಟ ಕೋಣೆಯಿಂದ ವರ್ಷಕ್ಕೆ 7,500 ಪೌಂಡ್‌ವರೆಗೆ ಬರುವ ಬಾಡಿಗೆಗೆ ಆದಾಯ ತೆರಿಗೆ ಇಲ್ಲದಿರುವುದರಿಂದ, ತೆರಿಗೆಯ ಲೆಕ್ಕವನ್ನು ಎಲ್ಲರೂ ವಿಚಾರಿಸಿಕೊಳ್ಳುತ್ತಾರೆ. ವಿಮೆಯನ್ನು ಮಾತ್ರ ಹೆಚ್ಚಿನವರು ಮರೆಯುತ್ತಾರೆ. ಬರುವವರ ಕೈಗೆ ಕೀಲಿ ಕೊಡುವ ಮೊದಲೇ ವಿಮಾ ಕಂಪನಿಗೆ ತಿಳಿಸಿ, ಅದರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ ಎಂದು ನಮ್ಮ ಸಂಘವು ಪ್ರತಿಯೊಂದು ಕುಟುಂಬವನ್ನೂ ಒತ್ತಾಯಪೂರ್ವಕವಾಗಿ ಕೋರುತ್ತದೆ.

ಬರುವವರು ನಮ್ಮೂರಿನವರು, ದೂರದ ನೆಂಟರು, ಗೆಳೆಯರ ತಮ್ಮ ಎಂಬ ಕಾರಣಕ್ಕೆ ಇದನ್ನು ಕೈಬಿಡಬಾರದು. ನಾಲ್ಕು ದಿನ ಉಳಿದು ಹೋಗುವ ಅತಿಥಿಯ ವಿಷಯ ಬೇರೆ. ಆದರೆ ತಿಂಗಳಿಗಿಷ್ಟು ಎಂದು ಹಣ ಕೊಟ್ಟು ವಾಸಿಸುವವರು ವಿಮಾ ಕಂಪನಿಯ ಕಣ್ಣಿನಲ್ಲಿ ಲಾಡ್ಜರ್, ಅಂದರೆ ಹಣ ಕೊಡುವ ಒಳವಾಸಿ. ಪಾಲಿಸಿ ಕೊಳ್ಳುವಾಗಲೂ ನವೀಕರಿಸುವಾಗಲೂ, ಮನೆಯಲ್ಲಿ ನಿಮ್ಮ ಕುಟುಂಬದ ಹೊರತಾಗಿ ಯಾರಾದರೂ ವಾಸಿಸುತ್ತಾರೆಯೇ ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ, ಗ್ರಾಹಕ ವಿಮೆಯ 2012ರ ಕಾಯಿದೆ ಅನ್ವಯವಾಗುತ್ತದೆ. ಅಜಾಗರೂಕತೆಯಿಂದ ಹಾಗಾಗಿದ್ದು, ನಿಜ ತಿಳಿದಿದ್ದರೆ ಕಂಪನಿಯು ಹೆಚ್ಚು ವಿಮಾ ಕಂತು (ಪ್ರೀಮಿಯಂ) ಕೇಳುತ್ತಿತ್ತು ಎಂದಾದರೆ, ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕಡಿತಗೊಳಿಸಬಹುದು: 250 ಪೌಂಡ್ ಕಟ್ಟಬೇಕಾದಲ್ಲಿ 200 ಪೌಂಡ್ ಕಟ್ಟಿದ್ದರೆ, 10,000 ಪೌಂಡ್ ನಷ್ಟಕ್ಕೆ 8,000 ಪೌಂಡ್ ಮಾತ್ರ ಸಿಗಬಹುದು. ಬೇಕೆಂದೇ ಮುಚ್ಚಿಟ್ಟಿದ್ದರೆ ಪಾಲಿಸಿಯನ್ನೇ ಅಸಿಂಧುಗೊಳಿಸಿ, ಏನನ್ನೂ ಕೊಡದಿರಲು ಕಂಪನಿಗೆ ಅವಕಾಶವಿದೆ. ಪಾಲಿಸಿಯ ಅವಧಿಯ ನಡುವೆ ಲಾಡ್ಜರ್ ಬಂದರೂ, ಇಂಥ ಬದಲಾವಣೆಯನ್ನು ಕೂಡಲೇ ತಿಳಿಸಬೇಕೆಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ನಮ್ಮ ಕುಟುಂಬಗಳು ಅತ್ಯಂತ ಎಚ್ಚರದಿಂದ ಓದಬೇಕಾದದ್ದು ಕಳ್ಳತನದ ಭಾಗವನ್ನು. ಮನೆಯ ಯಾವುದೇ ಭಾಗವನ್ನು ಬಾಡಿಗೆಗೆ ಕೊಟ್ಟಿದ್ದರೆ, ಬಾಗಿಲನ್ನೋ ಕಿಟಕಿಯನ್ನೋ ಬಲವಂತವಾಗಿ ಒಡೆದು ಒಳನುಗ್ಗಿದ ಗುರುತಿಲ್ಲದ ಕಳ್ಳತನಕ್ಕೆ ಪರಿಹಾರವಿಲ್ಲ ಎಂದು ಅನೇಕ ಪಾಲಿಸಿಗಳು ಹೇಳುತ್ತವೆ. ಅಂದರೆ ನೀವು ಕಂಪನಿಗೆ ಎಲ್ಲವನ್ನೂ ತಿಳಿಸಿ, ಹೆಚ್ಚಿನ ಕಂತನ್ನೂ ಕಟ್ಟಿದ ಮೇಲೂ, ಕೀಲಿ ಇದ್ದವರೋ ಅವರನ್ನು ನೋಡಲು ಬಂದವರೋ ಬೀರುವಿನಲ್ಲಿದ್ದ ಬಳೆ, ಸರಗಳನ್ನು ಒಯ್ದರೆ ಆ ನಷ್ಟ ನಿಮ್ಮದೇ ಆಗಬಹುದು. ಮದುವೆಯಲ್ಲಿ ಬಂದ ಚಿನ್ನವನ್ನೂ ಅಜ್ಜಿಯ ಕಾಲದ ಒಡವೆಗಳನ್ನೂ ಮನೆಯಲ್ಲೇ ಇಟ್ಟುಕೊಳ್ಳುವ ನಮಗೆ ಇದು ಸಣ್ಣ ಮಾತಲ್ಲ. ಅಲ್ಲದೆ ಪ್ರತಿ ಒಡವೆಗೆ ಇಷ್ಟೇ ಎಂಬ ಮಿತಿಯೂ ಇರುವುದರಿಂದ, ಆ ಮಿತಿ ಮೀರಿದವನ್ನು ಹೆಸರಿಸಿ ಪಟ್ಟಿಗೆ ಸೇರಿಸಬೇಕು, ಬೆಲೆಯ ಪತ್ರ ಮತ್ತು ಫೋಟೊಗಳನ್ನು ಮನೆಯ ಹೊರಗೂ ಒಂದು ಪ್ರತಿ ಇಡಬೇಕು. ಲಾಡ್ಜರ್ ಇರುವಷ್ಟು ಕಾಲ ಒಡವೆಗಳನ್ನು ಸೇಫ್ ಡೆಪಾಸಿಟ್ ಲಾಕರಿನಲ್ಲಿ ಇಡುವುದೇ ಮೇಲೆಂಬುದು ನಮ್ಮ ಅಭಿಪ್ರಾಯ.

ಅಕಸ್ಮಾತ್ ಹಾನಿಯ ರಕ್ಷಣೆ ಬಹುಪಾಲು ಪಾಲಿಸಿಗಳಲ್ಲಿ ಪ್ರತ್ಯೇಕವಾಗಿ ಹಣ ಕೊಟ್ಟು ಪಡೆಯುವಂಥದ್ದು; ಅದನ್ನು ಪಡೆದಿದ್ದರೂ, ಲಾಡ್ಜರ್ ಮಾಡಿದ ಹಾನಿಯನ್ನು ಅದರಿಂದ ಹೊರಗಿಟ್ಟಿರುವುದು ಸಾಮಾನ್ಯ. ಅವರ ಕೈಯಿಂದ ಜಾರಿದ ಕುಕ್ಕರ್ ಗಾಜಿನ ಒಲೆಯನ್ನು ಸೀಳಿದರೆ ಯಾರು ಭರಿಸಬೇಕೆಂಬುದನ್ನು, ಬಾಂಧವ್ಯ ಕೆಡದಂತೆ, ಒಪ್ಪಂದದಲ್ಲೇ ಬರೆದುಕೊಳ್ಳಿ. ಲಾಡ್ಜರ್ ಮೆಟ್ಟಿಲಲ್ಲಿ ಬಿದ್ದು ಗಾಯಗೊಂಡು ನಿಮ್ಮಿಂದ ಪರಿಹಾರ ಕೇಳಿದರೆ, ಆ ಹೊಣೆ ನಿಮ್ಮ ಪಾಲಿಸಿಯಲ್ಲಿ ಸೇರಿದೆಯೇ ಎಂಬುದನ್ನೂ ಕಂಪನಿಯನ್ನು ಕೇಳಿ.

ಈಗಷ್ಟೇ ಬಂದು ಇನ್ನೊಬ್ಬರ ಮನೆಯ ಕೋಣೆಯಲ್ಲಿರುವವರು ತಿಳಿದಿರಬೇಕಾದದ್ದು, ಮನೆಯವರ ವಿಮೆಯಲ್ಲಿ ನಿಮ್ಮ ಲ್ಯಾಪ್‌ಟಾಪ್, ಫೋನ್, ಬಟ್ಟೆಬರೆ ಸೇರುವುದಿಲ್ಲ ಎಂಬುದನ್ನು. ಅವಕ್ಕೆ ನೀವೇ ಬೇರೆ ಕಂಟೆಂಟ್ಸ್ ವಿಮೆ, ಅಂದರೆ ನಿಮ್ಮ ಸ್ವಂತ ವಸ್ತುಗಳ ವಿಮೆ, ಮಾಡಿಸಬೇಕು. ಕೋಣೆಯ ಬಾಗಿಲಿಗೆ ಬೀಗ ಇರಲೇಬೇಕೆಂದು ಕೆಲವು ಕಂಪನಿಗಳು ಷರತ್ತು ಹಾಕುವುದರಿಂದ, ಮನೆಯವರೊಡನೆ ಸಂಕೋಚವಿಲ್ಲದೆ ಮಾತಾಡಿ ಬೀಗ ಹಾಕಿಸಿಕೊಳ್ಳಿ.

ವಿಮೆಯ ಜೊತೆಗೆ ಗೃಹಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆಯೂ ಬೇಕಾಗುತ್ತದೆ. ಲೀಸ್ (ದೀರ್ಘಾವಧಿಯ ಗುತ್ತಿಗೆ) ಮೇಲಿನ ಫ್ಲ್ಯಾಟ್ ಆಗಿದ್ದರೆ ಲೀಸ್ ಪತ್ರವನ್ನು ನೋಡಬೇಕು, ನೀವೇ ಬಾಡಿಗೆ ಮನೆಯಲ್ಲಿದ್ದರೆ ಮಾಲೀಕರ ಅನುಮತಿ ಪಡೆಯಬೇಕು. ಗ್ಯಾಸ್ ಬಾಯ್ಲರ್ ಇರುವ ಮನೆಯಲ್ಲಿ ಲಾಡ್ಜರ್ ಇದ್ದರೆ, ಗ್ಯಾಸ್ ಸೇಫ್ (ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಣಿ ಇರುವ ಎಂಜಿನಿಯರ್‌ನಿಂದ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸುವುದು ಕಾನೂನಿನ ಅಗತ್ಯ. ಇಂಗ್ಲೆಂಡಿನಲ್ಲಿ ಲಾಡ್ಜರ್‌ನ 'ರೈಟ್ ಟು ರೆಂಟ್' ಪರಿಶೀಲನೆಯನ್ನೂ (ಅವರಿಗೆ ಇಲ್ಲಿ ಬಾಡಿಗೆಗೆ ಇರಲು ಕಾನೂನಿನ ಹಕ್ಕಿದೆಯೇ ಎಂದು ನೋಡುವುದು), ಅವರು ಎಷ್ಟೇ ಪರಿಚಿತರಾಗಿದ್ದರೂ, ಮಾಡಲೇಬೇಕು.

ಕಂಪನಿಗೆ ಫೋನ್ ಮಾಡಿದಾಗ ಎಷ್ಟು ಜನ, ಯಾವಾಗಿನಿಂದ, ನೀವೂ ಅದೇ ಮನೆಯಲ್ಲಿರುತ್ತೀರಿ ಎಂಬುದನ್ನು ಸ್ಪಷ್ಟವಾಗಿ ಹೇಳಿ, ಕಳ್ಳತನ, ಅಕಸ್ಮಾತ್ ಹಾನಿ ಮತ್ತು ಹೊಣೆಯ ವಿಷಯದಲ್ಲಿ ಏನು ಬದಲಾಗುತ್ತದೆ ಎಂಬುದನ್ನು ಇಮೇಲ್ ಮೂಲಕ ತರಿಸಿಕೊಳ್ಳಿ. ಅವರು ಒಪ್ಪದಿದ್ದರೆ ಲಾಡ್ಜರ್ ಇರುವ ಮನೆಗಳಿಗೆ ವಿಮೆ ಕೊಡುವ ಬೇರೆ ಕಂಪನಿಯನ್ನು, ಬೇಕಿದ್ದರೆ ಬ್ರೋಕರ್ ಮೂಲಕ, ಹುಡುಕಬಹುದು. ಮುಂದೆ ಕ್ಲೇಮ್ ಅನ್ಯಾಯವಾಗಿ ತಿರಸ್ಕೃತವಾಯಿತೆನಿಸಿದರೆ ಮೊದಲು ಕಂಪನಿಗೇ ದೂರು ಕೊಡಿ. ಎಂಟು ವಾರಗಳಲ್ಲಿ ಅಂತಿಮ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಅದು ಬಂದ ಆರು ತಿಂಗಳೊಳಗೆ, ಹಣಕಾಸು ಕಂಪನಿಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ಫೈನಾನ್ಶಿಯಲ್ ಓಂಬಡ್ಸ್‌ಮನ್ ಸೇವೆಗೆ ಉಚಿತವಾಗಿ ಮೊರೆಯಿಡಬಹುದು.